ನಲವತ್ತೊಂದನೆಯ ಸಾಲು

ದೆವ್ವ, ಶಕುನ ಎಂದು ಹೇಳುವವರನ್ನು ಕಂಡರೆ ನಾನು ನಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಕೆಲವು ವರ್ಷಗಳ ಹಿಂದೆ ಜೀಡಿಮೆಟ್ಲಾ ಕೈಗಾರಿಕಾ ಪ್ರದೇಶದ ಒಂದು ಔಷಧ ಕಾರ್ಖಾನೆಯ ಆಫೀಸಿನಲ್ಲಿದ್ದೆ. ಅಲ್ಲಿಯ ನರ್ಸ್ ಸುಶೀಲಮ್ಮ, ಬೀದರ ಕಡೆಯವರು, ಕಾರ್ಮಿಕರ ಆರೋಗ್ಯದ ವಿವರಗಳನ್ನೆಲ್ಲ ಒಂದು ಎಕ್ಸೆಲ್ ಫೈಲಿನಲ್ಲಿ ತುಂಬಿ ಪಾಸ್‌ವರ್ಡ್ ಹಾಕಿಟ್ಟಿದ್ದರು. ಒಂದು ಭಾನುವಾರ ಮನೆಯಲ್ಲಿ ಎದೆನೋವು ಬಂದು ತೀರಿಕೊಂಡರು. ಪಾಸ್‌ವರ್ಡ್ ಅವರೊಂದಿಗೇ ಹೋಯಿತು.

ಅದನ್ನು ತೆರೆಯುವ ಕೆಲಸವನ್ನು ಮ್ಯಾನೇಜರು ನನಗೆ ಒಪ್ಪಿಸಿದರು. ನಾನೊಂದು ಮ್ಯಾಕ್ರೊ, ಅಂದರೆ ಎಕ್ಸೆಲ್‌ನೊಳಗೆ ತಾನೇ ಓಡುವ ಚಿಕ್ಕ ಪ್ರೋಗ್ರಾಂ, ಬರೆದೆ. ಬೇರೊಂದು ಹಾಳೆಯಲ್ಲಿ ನಾನು ಬರೆದಿಟ್ಟ ಪದಗಳನ್ನು ಅದು ಮೇಲಿನಿಂದ ಒಂದೊಂದಾಗಿ ಫೈಲಿಗೆ ಹಾಕಿ ನೋಡುತ್ತಿತ್ತು. ಫೈಲು ತೆರೆದರೆ ಆ ಸಾಲಿನಲ್ಲೇ ನಿಲ್ಲುತ್ತಿತ್ತು. ಅವರ ಮಕ್ಕಳ ಹೆಸರು, ಊರು, ಮನೆದೇವರು, ಹಳೆಯ ಫೋನ್ ನಂಬರು, ಎಲ್ಲ ಸೇರಿ ನಲವತ್ತು. ಇನ್ನೇನಾದರೂ ಹೊಳೆಯುವುದೇನೋ ಎಂದು ಪ್ರಿಂಟ್ ತೆಗೆದು ಮ್ಯಾನೇಜರಿಗೂ ತೋರಿಸಿದ್ದೆ. ಒಂದೂ ಹತ್ತಲಿಲ್ಲ.

ಮರುದಿನ ಮಧ್ಯಾಹ್ನ ಅಂಗಳದಲ್ಲಿ ಡ್ರಮ್ ಉರುಳಿ ಯಾದಗಿರಿಯ ಮಲ್ಲಪ್ಪನ ಕಾಲು ಜಜ್ಜಿಹೋಯಿತು. ಅವನಿಗೆ ಎಚ್ಚರವಿರಲಿಲ್ಲ. ಆಸ್ಪತ್ರೆಗೆ ಜೊತೆಗೆ ಹೋಗಿದ್ದ ಸೂಪರ್‌ವೈಸರ್ ವೀರೇಶ ಅಲ್ಲಿಂದ ಫೋನ್ ಮಾಡಿದ.

"ಅಕ್ಕಾರ, ಇವಗ ಯಾವುದಾರ ಸೂಜಿ ಆಗಿಬರಂಗಿಲ್ಲೇನು ಅಂತ ಡಾಕ್ಟರ್ ಕೇಳಾಕತ್ಯಾರ. ಊರಾಗ ಇವನ ಹೇಂತಿ ಫೋನ್ ಎತ್ತವಲ್ಲಳು. ಸಿಸ್ಟರ್ ಬರಕೊಂಡಿದ್ರಲ್ರಿ, ಲಗೂ ನೋಡ್ರಿ!"

ನಾನು ಮ್ಯಾಕ್ರೊ ಓಡಿಸಿದೆ. ನಲವತ್ತೂ ಮುಗಿದವು, ಫೈಲು ತೆರೆಯಲಿಲ್ಲ. ಕೋಣೆಯಲ್ಲಿ ನಾನೊಬ್ಬಳೇ. ಎದ್ದು ಕಿಟಕಿಯವರೆಗೆ ಹೋಗಿ ನೀರು ಕುಡಿದೆ, ತಿರುಗಿ ಬಂದೆ, ಬೇರೇನೂ ತೋಚದೆ ಮತ್ತೆ ಅದೇ ಬಟನ್ ಒತ್ತಿದೆ.

ಫೈಲು ತೆರೆಯಿತು.

ಮಲ್ಲಪ್ಪನ ಹೆಸರಿನ ಮುಂದೆ ಕೆಂಪಕ್ಷರದಲ್ಲಿ 'ಪೆನಿಸಿಲಿನ್ ಕೊಡಬಾರದು' ಎಂದಿತ್ತು. ಫೋನಿನಲ್ಲಿ ಕೂಗಿಯೇ ಹೇಳಿದೆ. "ಬಚಾವಾತ್ರಿ, ಅದನ್ನ ತಯಾರು ಮಾಡಿದ್ರು," ಎಂದ ವೀರೇಶ.

ಆಮೇಲೆ ಮ್ಯಾಕ್ರೊ ಎಲ್ಲಿ ನಿಂತಿದೆ ಎಂದು ನೋಡಿದೆ. ನಲವತ್ತೊಂದನೆಯ ಸಾಲಿನಲ್ಲಿ. ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಉಂಡಿಯೇನವ್ವ' ಎಂದಿತ್ತು. ಸುಶೀಲಮ್ಮ ದಿನಾ ಮಧ್ಯಾಹ್ನ ನನ್ನ ಮೇಜಿನ ಹತ್ತಿರ ನಿಂತು ಕೇಳುತ್ತಿದ್ದ ಮಾತು ಅದು.

ಮ್ಯಾನೇಜರು ಪೂರ್ತಿ ಕೇಳಿ, "ಗಾಬರ್ಯಾಗ ನೀವೇ ಟೈಪ್ ಹೊಡದೀರಿ, ಮರ್ತೀರಿ," ಎಂದರು. ಇರಬಹುದು. ಒಂದಿಡೀ ಪದವನ್ನು ಬೆರಳುಗಳು ಒತ್ತಿದ್ದು ಮನಸ್ಸಿಗೆ ತಿಳಿಯದೇ ಹೋಗುತ್ತದೆಯೇ? ನೂರು ಸಲ ಕೇಳಿಕೊಂಡಿದ್ದೇನೆ. ಒಮ್ಮೊಮ್ಮೆ ಹೌದೆನ್ನಿಸುತ್ತದೆ. ಆದರೆ ಆ ಮಾತು ನೆನಪಾಗಿದ್ದರೆ ನಾನು ಅದನ್ನು ಮೊದಲ ದಿನವೇ ಬರೆಯುತ್ತಿರಲಿಲ್ಲವೇ?

ಮಲ್ಲಪ್ಪ ಮೂರು ತಿಂಗಳಿಗೆ ಕುಂಟುತ್ತ ಕೆಲಸಕ್ಕೆ ಬಂದ. ನಾನು ಆ ಕಾರ್ಖಾನೆ ಬಿಟ್ಟು ಸನತ್‌ನಗರದ ಬೇರೊಂದು ಆಫೀಸು ಸೇರಿದೆ. ಆ ಪದಗಳ ಪಟ್ಟಿಯ ಒಂದು ಪ್ರತಿ ನನ್ನ ಪೆನ್‌ಡ್ರೈವ್‌ನಲ್ಲಿದೆ. ಅಳಿಸಲು ಮನಸ್ಸು ಬಂದಿಲ್ಲ, ತೆರೆಯಲು ಧೈರ್ಯವಿಲ್ಲ. ತೆರೆದಾಗ ನಲವತ್ತೇ ಇದ್ದರೆ ಏನು ಮಾಡಲಿ? ನಲವತ್ತೆರಡಿದ್ದರೆ?