ಕನ್ನಡಕದ ಕಡ್ಡಿ ಕಚ್ಚಿದ್ದು

ಫ್ಯಾಷನ್ನಿನಲ್ಲಿ ಕಸಕ್ಕೆ ಬೆಲೆ ಬಂದ ಕಾಲದಲ್ಲಿ ನನಗೆ ಅಹಮದಾಬಾದಿನಲ್ಲಿ ಕೆಲಸ ಸಿಕ್ಕಿತು. ಕನ್ನಡಕದ ಫ್ರೇಮುಗಳನ್ನು ವಿನ್ಯಾಸ ಮಾಡುವ ಕೆಲಸ. ನಮ್ಮದು ಸಣ್ಣ ಕಂಪನಿ. ಜನ ಬಳಸಿ ಬಿಟ್ಟ ದಪ್ಪ ಪ್ಲಾಸ್ಟಿಕ್ ಫ್ರೇಮುಗಳನ್ನು ಕೂಡಿಹಾಕಿ, ಬಣ್ಣದ ಪ್ರಕಾರ ಬೇರೆ ಮಾಡಿ, ಪುಡಿ ಮಾಡಿಸಿ, ಕಾಯಿಸಿ ಒತ್ತಿ ಹಾಳೆ ಮಾಡಿಸುತ್ತಿದ್ದೆವು. ಆ ಹಾಳೆಯಿಂದ ಹೊಸ ಫ್ರೇಮು ಕೊಯ್ಯುವುದು. ಹಾಳೆಯ ತುಂಬ ಮೊಸಾಯಿಕ್ ನೆಲದ ಹಾಗೆ ಚುಕ್ಕೆಗಳು ಬರುತ್ತಿದ್ದವು. ಒಂದು ಕಾಲಕ್ಕೆ ಸರ್ಕಾರಿ ಕ್ವಾರ್ಟರ್ಸಿನ ಬಚ್ಚಲಮನೆಗೆ ಹಾಕುತ್ತಿದ್ದ ವಿನ್ಯಾಸ ಈಗ ಸೊಗಸುಗಾತಿಯರ ಮೂಗಿನ ಮೇಲೆ ಏರಿ ಕುಳಿತಿತ್ತು. ಅದಕ್ಕೆ ನಾನೂ ಒಬ್ಬ ಕಾರಣಕರ್ತ.

ಪ್ರತಿ ಫ್ರೇಮಿಗೂ ಒಂದು ಪುಟ್ಟ ಕಾಗದದ ಪಟ್ಟಿ ಕಟ್ಟುತ್ತಿದ್ದೆವು. ಅದರ ಮೇಲೆ ಇಂಗ್ಲಿಷಿನಲ್ಲಿ ಒಂದು ವಾಕ್ಯ: ಇದರೊಳಗೆ ಯಾರದೋ ಒಂದು ನೆನಪಿದೆ. ಬರೆದವನು ನಾನೇ. ಬರೆಯಲು ಐದು ನಿಮಿಷ ಹಿಡಿಯಿತು, ಅದರಲ್ಲಿ ಮೂರು ನಿಮಿಷ ಚಹಾ ಕುಡಿದೆ. ಆ ವಾಕ್ಯ ಓದಿ ಗಿರಾಕಿಗಳು ಕಣ್ಣು ಅಗಲ ಮಾಡುತ್ತಾರೆಂದು ಮಾರಾಟದವರು ಹೇಳುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆಯಿತ್ತು, ಸುಳ್ಳೇಕೆ ಹೇಳಲಿ.

ನಾನು ಧಾರವಾಡದವನು. ಎಂಟನೆಯ ಇಯತ್ತೆಯಲ್ಲಿ ಕನ್ನಡಕ ಬಂತು. ಅದೇ ವರ್ಷ ಅವ್ವ ನನ್ನ ಹಲ್ಲಿಗೂ ತಂತಿ ಹಾಕಿಸಿದಳು. ಮುಖದ ತುಂಬ ಲೋಹ ಹೊತ್ತುಕೊಂಡು ಎರಡು ವರ್ಷ ಶಾಲೆಗೆ ಹೋದೆ. ಅವ್ವ ಈಗಲೂ ಹೆಣ್ಣಿನ ಕಡೆಯವರು ಬಂದರೆ ನನ್ನ ಕೆಲಸದ ಮಾತು ಎತ್ತುವ ಮೊದಲು ನನ್ನನ್ನು ನಗಿಸುತ್ತಾಳೆ, ಅವರಿಗೆ ಹಲ್ಲು ಕಾಣಲಿ ಎಂದು.

ಹಳೆಯ ಫ್ರೇಮುಗಳು ಬೇಕಾದಾಗ ನಾನು ಅಹಮದಾಬಾದಿನ ಕನ್ನಡ ಸಂಘಕ್ಕೆ ಹೋದೆ. ಅಲ್ಲಿ ಬಾಹ್ಯಾಕಾಶದ ಸಂಸ್ಥೆಯಲ್ಲೋ ಸರ್ಕಾರಿ ಪ್ರಯೋಗಾಲಯದಲ್ಲೋ ಕೆಲಸ ಮಾಡಿ, ಇಲ್ಲೇ ಮನೆ ಕಟ್ಟಿಕೊಂಡ ಸಂಸಾರಗಳು ಬಹಳ. ಓದಿ ಓದಿ ಕಣ್ಣು ಕೆಡಿಸಿಕೊಂಡವರು, ಮೇಲಾಗಿ ಏನನ್ನೂ ಎಸೆಯದವರು. ರಾಜ್ಯೋತ್ಸವದ ದಿನ ಬಿಸಿಬೇಳೆಬಾತಿನ ಸಾಲಿನ ಪಕ್ಕ ಒಂದು ರಟ್ಟಿನ ಡಬ್ಬ ಇಟ್ಟೆ. ವೇದಿಕೆಯ ಮೇಲೆ ನಿಂತು, ಹಳೆಯ ಕನ್ನಡಕ ಕೊಡಿ, ಪುಡಿ ಮಾಡಿ ಹೊಸದು ಮಾಡುತ್ತೇವೆ ಎಂದು ಹೇಳಿದೆ. ಊಟ ಮುಗಿಯುವಷ್ಟರಲ್ಲಿ ಡಬ್ಬ ತುಂಬಿತು. ಎಷ್ಟೋ ಜನ ಕನ್ನಡಕದ ಪೆಟ್ಟಿಗೆಯ ಸಮೇತ ಹಾಕಿದ್ದರು.

ನಮ್ಮಲ್ಲಿ ಒಂದು ನಿಯಮವಿತ್ತು. ಪುಡಿ ಮಾಡಲು ಚೀಲ ಕಳಿಸುವ ಮೊದಲು ಪ್ರತಿ ಪೆಟ್ಟಿಗೆಯನ್ನೂ ತೆರೆದು ನೋಡಬೇಕು. ಈ ನಿಯಮ ಬರೆದವನೂ ನಾನೇ. ಆದರೆ ಆ ವಾರ ಸಾಬರಮತಿಯ ದಂಡೆಯಲ್ಲಿ ನಮ್ಮ ಹೊಸ ಫ್ರೇಮುಗಳ ಫೋಟೋ ತೆಗೆಸುವುದಿತ್ತು. ನೆರಳು ಎಲ್ಲಿ ಬೀಳಬೇಕು ಎಂದು ಮೂರು ದಿನ ತಲೆ ಕೆಡಿಸಿಕೊಂಡೆ. ಡಬ್ಬದಲ್ಲಿದ್ದುದನ್ನೆಲ್ಲ ಹಾಗೆಯೇ ಚೀಲಕ್ಕೆ ಸುರಿದು ಸೂರತ್ತಿಗೆ ಕಳಿಸಿದೆ. ಪುಡಿ ಮಾಡುವ ಘಟಕ ಇದ್ದದ್ದು ಅಲ್ಲಿ, ಸಚಿನ್ ಎಂಬ ಕೈಗಾರಿಕಾ ಪ್ರದೇಶದಲ್ಲಿ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಹತ್ತು ದಿನದ ಮೇಲೆ ಒಂದು ಫೋನು ಬಂತು. ಸಂಘದ ಹಿರಿಯ ಹೆಂಗಸು, ಮೈಸೂರಿನ ಕಡೆಯವರು. ಗಂಡ ವಿಜ್ಞಾನಿಯಾಗಿದ್ದು ನಿವೃತ್ತರಾಗಿ, ಹಿಂದಿನ ವರ್ಷ ತೀರಿಕೊಂಡಿದ್ದರು. ಮಗ ಸೊಸೆಯ ಜೊತೆ ಸ್ಯಾಟಲೈಟ್ ಬಡಾವಣೆಯಲ್ಲಿದ್ದರು. ಎಲ್ಲರಿಗೂ ಆಂಟಿ, ನನಗೂ ಆಂಟಿ.

“ಸ್ಕ್ರೂ ಹಾಕ್ಸೋದು ಆಯ್ತೇನಪ್ಪಾ?” ಎಂದು ಕೇಳಿದರು.

“ಯಾವ ಸ್ಕ್ರೂ ರೀ ಆಂಟಿ?”

“ಕಂದು ಬಣ್ಣದ ಫ್ರೇಮು ಕಣೋ, ನಮ್ಮನೆಯವರದ್ದು. ನಿನ್ನ ಡಬ್ಬದಲ್ಲಿ ಹಾಕಿದ್ನಲ್ಲ. ಪುಡಿ ಮಾಡೋದಕ್ಕಲ್ಲ ಅಂತ ಒಳಗಡೆ ಚೀಟಿ ಬರ್ದಿಟ್ಟಿದ್ದೆ, ನೋಡಿಲ್ವಾ? ಇಲ್ಲಿ ಅಂಗಡಿಯೋನು ಬಿಸಾಕಿ ಅಂತಾನೆ. ನೀನು ನಮ್ಮೋನು, ಕನ್ನಡದಲ್ಲಿ ಬರೆದ್ರೆ ಓದ್ಕೋತಾನೆ ಅಂತ ನಿಂಗೆ ಕೊಟ್ಟೆ.”

ಪೆಟ್ಟಿಗೆಗಳನ್ನು ತೆರೆಯದೆ ಕಳಿಸಿದ್ದು ನೆನಪಾಯಿತು. ಬಾಯಿ ಮಾತ್ರ ತನ್ನಷ್ಟಕ್ಕೆ ತಾನು ಮಾತಾಡಿತು.

“ಹಾಂ ಹಾಂ, ಅದಾ? ರಿಪೇರಿಗೆ ಕೊಟ್ಟೀನ್ರಿ. ಒಂದು ಹದಿನೈದು ದಿನ ಹಿಡೀತದ.”

“ನಿಧಾನವಾಗೇ ಆಗ್ಲಿ. ಗಾಜು ಎಂದೋ ಒಡ್ದೋಗಿದೆ, ಅದು ಬೇಡ. ಒಂದೇ ಒಂದು ಹೇಳ್ಬಿಡ್ತೀನಿ, ಪಾಲಿಶ್ ಗೀಲಿಶ್ ಮಾಡಿಸ್ಬೇಡ. ಎಡಗಡೆ ಕಡ್ಡಿ ತುದೀಲಿ ಅವ್ರ ಹಲ್ಲಿನ ಗುರುತಿದೆ. ಏನಾದ್ರೂ ಯೋಚನೆ ಮಾಡ್ವಾಗ ಕನ್ನಡಕ ತೆಗ್ದು ಕಡ್ಡಿ ಕಚ್ಕೊಂಡು ಕೂತ್ಬಿಡೋರು. ಅದು ಅಳಿಸಿ ಹೋಗ್ಬಾರ್ದು, ಆಯ್ತಾ?”

ಆಯಿತು ಎಂದೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ನಾನು ಗಳಿಸಿಕೊಂಡದ್ದು ಹದಿನೈದು ದಿನ.

ಮರುದಿನ ಬೆಳಗಿನ ರೈಲಿಗೆ ಸೂರತ್ತಿಗೆ ಹೋದೆ. ಬೋಗಿಯ ತುಂಬ ಸೂರತ್ತಿನ ವರಾಛಾ ಬಡಾವಣೆಯ ವಜ್ರದ ಕೆಲಸದವರು. ಒಬ್ಬರ ಮೊಬೈಲಿನಲ್ಲಿ ಭಜನೆ, ಇನ್ನೊಬ್ಬರ ಮೊಬೈಲಿನಲ್ಲಿ ಕ್ರಿಕೆಟ್. ಪುಡಿ ಮಾಡುವ ಯಂತ್ರ ಕೆಟ್ಟು ನಿಂತಿರಲಿ ಎಂದು ಅಂಕಲೇಶ್ವರದವರೆಗೆ ಬೇಡಿಕೊಂಡೆ. ನಮ್ಮ ಕಂಪನಿಯ ಯಂತ್ರಕ್ಕೆ ಕೆಡುಕು ಬಯಸಿದ್ದು ಅದೊಂದೇ ಸಲ. ಯಂತ್ರ ಸರಿಯಾಗಿತ್ತು. ಕಂದು ಬಣ್ಣದ ಪಾಳಿ ಎರಡು ದಿನದ ಹಿಂದೆಯೇ ಮುಗಿದಿತ್ತು.

ಅಲ್ಲಿ ವಿಂಗಡಣೆ ನೋಡಿಕೊಳ್ಳುವ ಹೆಂಗಸೊಬ್ಬರಿದ್ದರು, ಸೌರಾಷ್ಟ್ರದವರು; ಎಲ್ಲರೂ ಬೆನ್, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಯಾವುದನ್ನೂ ಹಾಳು ಮಾಡುವವರಲ್ಲ. ಖಾಲಿ ಪೆಟ್ಟಿಗೆಗಳನ್ನೆಲ್ಲ ಒಂದು ಗೋಣಿಚೀಲದಲ್ಲಿ ತೆಗೆದಿಟ್ಟಿದ್ದರು. ನಾನು ನೆಲದ ಮೇಲೆ ಕುಳಿತು ಒಂದೊಂದನ್ನೇ ತೆರೆದೆ. ಮೊದಲೇ ಮಾಡಬೇಕಾಗಿದ್ದ ಕೆಲಸ. ಕಪ್ಪು ರೆಕ್ಸಿನ್ನಿನ ಪೆಟ್ಟಿಗೆಯೊಂದರಲ್ಲಿ ನಾಲ್ಕು ಮಡಿಕೆ ಮಾಡಿದ ಚೀಟಿ ಸಿಕ್ಕಿತು. ದುಂಡಗಿನ ಅಕ್ಷರ: “ಇದು ಪುಡಿ ಮಾಡುವುದಕ್ಕೆ ಅಲ್ಲ. ಎಡಗಡೆಯ ಕಡ್ಡಿಯ ಸ್ಕ್ರೂ ಬಿದ್ದಿದೆ, ಇದರಲ್ಲೇ ಇಟ್ಟಿದ್ದೇನೆ. ದಯವಿಟ್ಟು ಹಾಕಿಸಿ ವಾಪಸ್ ಕೊಡಿ.” ಮಡಿಕೆಯೊಳಗೆ ಎಳ್ಳಿನಷ್ಟು ದೊಡ್ಡ ಸ್ಕ್ರೂ ಇತ್ತು.

ಬೆನ್ ಆ ಚೀಟಿಯನ್ನು ನೋಡಿದ್ದರಂತೆ. ಲಿಪಿ ನಿಮ್ಮದು, ಚೀಲ ಕಳಿಸಿದವರೂ ನೀವೇ, ನೀವು ಓದಿಯೇ ಕಳಿಸಿರುತ್ತೀರಿ ಅಂದುಕೊಂಡೆ ಎಂದರು ಹಿಂದಿಯಲ್ಲಿ. ಅವರ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಏನು ಬರೆದಿದೆ ಎಂದು ಕೇಳಿದರು. ಏನಿಲ್ಲ ಎಂದೆ. ಅವರು ನನ್ನ ಮುಖ ನೋಡಿ, ಒಂದು ಲೋಟ ನೀರು ತಂದುಕೊಟ್ಟು ತಮ್ಮ ಕೆಲಸಕ್ಕೆ ಹೋದರು.

ಗೋಡೆಗೆ ಒರಗಿಸಿದ್ದ ಕಂದು ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದೆ. ಜೇನುಬಣ್ಣದ ಚುಕ್ಕೆ, ಕಾಫಿಬಣ್ಣದ ಚುಕ್ಕೆ, ಕಪ್ಪಿಗೆ ತಿರುಗಿದ ಚುಕ್ಕೆ. ತುಂಬ ಚೆಲುವಾಗಿ ಬಂದಿದ್ದವು. ಇದರೊಳಗೆ ಯಾರದೋ ಒಂದು ನೆನಪಿದೆ ಎಂದು ಬರೆದವನು ನಾನು. ಯಾವುದರೊಳಗೆ ಎಂದು ಕೇಳಿದರೆ ತೋರಿಸಲು ನನಗೆ ಬರುತ್ತಿರಲಿಲ್ಲ.

ವಾಪಸ್ ಹೋದ ಕೂಡಲೇ ನಿಜ ಹೇಳಿಬಿಡಬೇಕು ಎಂದು ರೈಲು ಹತ್ತಿದೆ. ಭರೂಚ್ ದಾಟುವವರೆಗೆ ಆ ನಿರ್ಧಾರ ಗಟ್ಟಿಯಾಗಿಯೇ ಇತ್ತು. ಆಮೇಲೆ ಸುಮ್ಮನೆ ಮೊಬೈಲು ತೆಗೆದು ಆಂಟಿಯ ವಾಟ್ಸಾಪಿನ ಚಿತ್ರ ನೋಡಿದೆ. ಗಂಡನ ಬೀಳ್ಕೊಡುಗೆಯ ಸಮಾರಂಭದ ಫೋಟೋ. ಅವರ ಕೊರಳಲ್ಲಿ ಹಾರ, ಮೂಗಿನ ಮೇಲೆ ಆ ಫ್ರೇಮು. ಚೌಕ, ದಪ್ಪ, ಆಮೆಯ ಚಿಪ್ಪಿನ ಬಣ್ಣ. ಕಸುಬಿನವನ ಕಣ್ಣು ಸುಮ್ಮನಿರುವುದಿಲ್ಲ. ಇಂಥದ್ದು ಒಂದು ಕಾಲದಲ್ಲಿ ರಾಶಿಗಟ್ಟಲೆ ಬರುತ್ತಿತ್ತು, ಎಲ್ಲೋ ಮೂಲೆಯಲ್ಲಿ ಇನ್ನೂ ಒಂದು ಇರಬೇಕು ಅನ್ನಿಸಿತು. ವಡೋದರಾದಲ್ಲಿ ಇಳಿದುಬಿಟ್ಟೆ.

ಅಲ್ಲಿಯ ಮಾಂಡ್ವಿ ಪೇಟೆಯ ಹತ್ತಿರ ಒಂದು ಹಳೆಯ ಕನ್ನಡಕದ ಅಂಗಡಿ ನನಗೆ ಗೊತ್ತಿತ್ತು. ಅಂಗಡಿಯ ಮುದುಕರು ಫೋಟೋವನ್ನು ಹಿಗ್ಗಿಸಿ ನೋಡಿ, ಅಟ್ಟ ಹತ್ತಿ, ಮಾರಾಟವಾಗದೆ ಉಳಿದ ಫ್ರೇಮುಗಳ ರಟ್ಟಿನ ಪೆಟ್ಟಿಗೆ ಇಳಿಸಿದರು. ಮೂರನೆಯ ಪೆಟ್ಟಿಗೆಯಲ್ಲಿ ಅದೇ ಫ್ರೇಮು ಇತ್ತು. ಆಗಿನ ಆಫೀಸರುಗಳೆಲ್ಲ ಇದನ್ನೇ ಹಾಕುತ್ತಿದ್ದರು, ಇದೇ ಕೊನೆಯದು, ಈಗ ನಿನಗೆ ಏಕೆ ಎಂದು ಕೇಳಿದರು. ಪ್ರದರ್ಶನಕ್ಕೆ ಎಂದೆ. ಅದು ಇನ್ನೊಂದು ಸುಳ್ಳು. ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಉಳಿದದ್ದು ಹಲ್ಲಿನ ಗುರುತು. ಮೊದಲು ಉಳಿಯಿಂದ ಕೆತ್ತಿ ನೋಡೋಣ ಅಂದುಕೊಂಡೆ, ಅದು ಉಳಿಯ ಕೆಲಸವೆಂದು ಕುರುಡನಿಗೂ ತಿಳಿಯುತ್ತದೆ. ಹಲ್ಲಿನ ಕೆಲಸವನ್ನು ಹಲ್ಲೇ ಮಾಡಬೇಕು. ಕಡ್ಡಿಯ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಕಚ್ಚಿದೆ. ಎರಡು ದಿನ, ಆಫೀಸಿನಲ್ಲಿ, ಮೀಟಿಂಗಿನಲ್ಲಿ, ಬಸ್ಸಿನಲ್ಲಿ. ಹಳೆಯ ಪ್ಲಾಸ್ಟಿಕ್ಕಿಗೆ ಒಂದು ಹುಳಿವಾಸನೆ ಇರುತ್ತದೆ, ಊಟಕ್ಕೆ ಕುಳಿತರೂ ಅದೇ ರುಚಿ. ಏನು ಅಷ್ಟೊಂದು ಯೋಚನೆ ಎಂದು ಸಹೋದ್ಯೋಗಿಗಳು ತಮಾಷೆ ಮಾಡಿದರು. ಹೊಸ ವಿನ್ಯಾಸದ ಯೋಚನೆ ಎಂದೆ. ಆಮೇಲೆ ಮೂಗಿನ ಮೇಲೆ ಕೂರುವ ಜಾಗವನ್ನು ಒರಟು ಬಟ್ಟೆಯಿಂದ ಉಜ್ಜಿ ಹೊಳಪು ತೆಗೆದೆ, ಚಹಾದ ಡಿಕಾಕ್ಷನ್ ಹಚ್ಚಿ ಮಾಸಿಸಿದೆ. ಹಳೆಯದನ್ನು ಹೊಸದಾಗಿ ಕಾಣಿಸುವುದು ನನ್ನ ಕಸುಬು, ಹೊಸದನ್ನು ಹಳೆಯದಾಗಿ ಕಾಣಿಸುವುದು ಏನು ಮಹಾ? ಕೊನೆಗೆ ಎಡಗಡೆಯ ಸ್ಕ್ರೂ ತೆಗೆದು, ಚೀಟಿಯಲ್ಲಿದ್ದ ಸ್ಕ್ರೂ ಹಾಕಿದೆ. ಒಂದಾದರೂ ನಿಜದ್ದು ಇರಲಿ ಎಂದು. ಭೂತಗನ್ನಡಿಯಲ್ಲಿ ನೋಡಿದೆ. ಬಹಳ ಚೆನ್ನಾಗಿ ಬಂದಿತ್ತು. ಆ ಹೊತ್ತಿನಲ್ಲಿ ನನಗೆ ಖುಷಿಯಾಗಿತ್ತು. ಅದನ್ನು ನೆನೆದರೆ ಈಗ ಉಳಿದ ಎಲ್ಲದಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ.

ಹದಿನೈದನೆಯ ದಿನ ಮಧ್ಯಾಹ್ನ ಫ್ರೇಮನ್ನೂ ಚೀಟಿಯನ್ನೂ ಅದೇ ಕಪ್ಪು ಪೆಟ್ಟಿಗೆಯಲ್ಲಿಟ್ಟುಕೊಂಡು ಆಂಟಿಯ ಮನೆಗೆ ಹೋದೆ. ಬಾಗಿಲು ತೆರೆದವಳು ಗುಜರಾತಿ ಸೊಸೆ, ಕಿವಿಗೆ ಹೆಡ್‌ಫೋನು, ಮನೆಯಿಂದಲೇ ಆಫೀಸು. “ಅಮ್ಮಾ, ಚಶ್ಮಾವಾಳಾ ಭಾಯಿ ಆವ್ಯಾ!” ಎಂದು ಒಳಗೆ ಕೂಗಿ, ಕನ್ನಡಕದವನನ್ನು ಕೂರಿಸಿ ತನ್ನ ಕೋಣೆಗೆ ಹೋದಳು. ಆಂಟಿ ಕಾಫಿ, ಜೊತೆಗೆ ಒಂದು ತಟ್ಟೆ ಗರಿಗರಿಯಾದ ಖಾಖ್ರಾ ರೊಟ್ಟಿ ತಂದಿಟ್ಟರು. ಕೈ ತೊಳೆದುಕೊಂಡು ಬಂದು, ಸೆರಗಿಗೆ ಒರೆಸಿಕೊಂಡು, ನನ್ನೆದುರು ಕುಳಿತರು. ಪೂಜೆಗೆ ಕುಳಿತವರ ಹಾಗೆ ಪೆಟ್ಟಿಗೆ ತೆರೆದರು.

ಮೊದಲು ಎಡಗಡೆಯ ಕಡ್ಡಿಯನ್ನು ಮಡಿಸಿ ಬಿಡಿಸಿ ನೋಡಿದರು. “ಗಟ್ಟಿ ಕೂತಿದೆ” ಎಂದರು. ಆಮೇಲೆ ಹೆಬ್ಬೆರಳನ್ನು ಕಡ್ಡಿಯ ತುದಿಗೆ ತಂದರು. ಸವರಿದರು. ಇನ್ನೊಮ್ಮೆ ಸವರಿದರು. ಎದ್ದು ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದರು. ನಾನು ಖಾಖ್ರಾ ಮುರಿದೆ, ಆ ಸದ್ದು ಬಹಳ ದೊಡ್ಡದಾಗಿ ಕೇಳಿಸಿತು.

ವಾಪಸ್ ಬಂದು ಕುಳಿತು ಮೆಲ್ಲಗೆ ಹೇಳಿದರು: “ಅವ್ರ ಹಲ್ಲು ಇಷ್ಟು ಸಾಲಾಗಿರ್ಲಿಲ್ಲ ಕಣಪ್ಪ.”

ಕೈಯಲ್ಲಿದ್ದ ಖಾಖ್ರಾವನ್ನು ತಟ್ಟೆಗೆ ವಾಪಸ್ ಇಟ್ಟೆ.

“ಮುಂದಿನದ್ದೊಂದು ಅಡ್ಡಡ್ಡ ಇತ್ತು. ಗುರುತು ಒಂದು ಕಡೆ ಆಳ, ಒಂದು ಕಡೆ ಬೀಳ್ತಾನೇ ಇರ್ಲಿಲ್ಲ.” ಇಷ್ಟು ಹೇಳಿ ನನ್ನ ಬಾಯಿಯ ಕಡೆ ನೋಡಿದರು. ಅವ್ವ ಇಷ್ಟಪಟ್ಟು ಸರಿ ಮಾಡಿಸಿದ ಹಲ್ಲನ್ನು ಮೊದಲ ಸಲ ತುಟಿಯೊಳಗೆ ಮುಚ್ಚಿಕೊಂಡೆ.

ಎಲ್ಲವನ್ನೂ ಹೇಳಿದೆ. ಡಬ್ಬ, ಚೀಲ, ಸೂರತ್ತು, ವಡೋದರಾ, ಬಿಸಿನೀರು. ಅವರು ನಡುವೆ ಒಂದೇ ಪ್ರಶ್ನೆ ಕೇಳಿದರು.

“ನಿಂಗೆ ಯಾವತ್ತು ಗೊತ್ತಾಯ್ತು?”

“ನೀವು ಫೋನ್ ಮಾಡಿದ ಮರುದಿನಾ ರೀ ಆಂಟಿ.”

“ಅವತ್ತೇ ಹೇಳಿದ್ರೆ ಅವತ್ತೇ ಅತ್ತು ಮುಗಿಸ್ತಿದ್ದೆ. ಇಷ್ಟು ದಿನ ಬೆಲ್ ಆದಾಗಲೆಲ್ಲ ಎದ್ದು ಬಂದ್ನಲ್ಲೋ, ಅವರೇ ಬಂದ್ರು ಅನ್ನೋ ಹಾಗೆ.”

ಅವರ ದನಿ ಏರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕ್ಷಮಿಸಿ ಎನ್ನುವ ಮಾತು ಬಾಯಿಗೆ ಬಂತು, ಪಟ್ಟಿಯ ಮೇಲೆ ಬರೆದ ಇನ್ನೊಂದು ವಾಕ್ಯದ ಹಾಗೆ ಅನ್ನಿಸಿ ನುಂಗಿಕೊಂಡೆ.

ಫ್ರೇಮನ್ನು ತಿರುಗಿಸಿ ನೋಡುತ್ತ ಕೇಳಿದರು: “ಇದ್ರಲ್ಲಿ ಅವ್ರದ್ದು ಅಂತ ಏನಾದ್ರೂ ಇದ್ಯಾ?”

“ಸ್ಕ್ರೂ ಅದ ರೀ. ಚೀಟಿಯೊಳಗ ನೀವು ಇಟ್ಟಿದ್ದು.”

“ತೆಗಿ.”

ಕೀಲಿಕೈಯ ಗೊಂಚಲಿನಲ್ಲಿ ನನ್ನ ಸಣ್ಣ ಸ್ಕ್ರೂಡ್ರೈವರ್ ಯಾವಾಗಲೂ ಇರುತ್ತದೆ. ಸ್ಕ್ರೂ ಬಿಚ್ಚಿ ಅವರ ಅಂಗೈ ಮೇಲೆ ಇಟ್ಟೆ. ಅವರು ತಮ್ಮ ಚೀಟಿಯೊಳಗೇ ಅದನ್ನು ಇಟ್ಟು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಕಪ್ಪು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಫ್ರೇಮನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು.

“ಇದು ನೀನು ಕಚ್ಚಿರೋದು. ನೀನೇ ಇಟ್ಕೋ. ಕಾಫಿ ಆರೋಗ್ತಿದೆ, ಕುಡಿ.”

ಕುಡಿದೆ.

ಆ ಕಂದು ಹಾಳೆಗಳಿಂದ ಕೊಯ್ದ ಫ್ರೇಮುಗಳು ಬೇಗ ಮಾರಾಟವಾದವು. ನಾನು ಹಟ ಹಿಡಿದು ಪಟ್ಟಿಯ ಮೇಲಿನ ವಾಕ್ಯ ತೆಗೆಸಿದೆ. ಈಗ ಅದರ ಮೇಲೆ ‘ಹಳೆಯ ಫ್ರೇಮುಗಳಿಂದ ಮಾಡಿದ್ದು’ ಎಂದಷ್ಟೇ ಇದೆ. ಸಪ್ಪೆಯಾಯಿತು ಎಂದು ಮಾರಾಟದವರು ಗೊಣಗುತ್ತಾರೆ, ಗೊಣಗಲಿ. ಚೀಲ ಬಂದರೆ ಪೆಟ್ಟಿಗೆಗಳನ್ನು ನಾನೇ ತೆರೆಯುತ್ತೇನೆ.

ವಡೋದರಾದ ಫ್ರೇಮು ನನ್ನ ಮೇಜಿನ ಮೇಲಿದೆ. ಎಡಗಡೆಯ ಕಡ್ಡಿ ಬೇರೆಯಾಗಿ ಬಿದ್ದಿರುತ್ತದೆ, ತುದಿಯಲ್ಲಿ ಸಾಲಾಗಿ ನನ್ನ ಹಲ್ಲಿನ ಗುರುತು. ಡ್ರಾಯರಿನಲ್ಲಿ ಅದೇ ಅಳತೆಯ ಸ್ಕ್ರೂಗಳ ಒಂದು ಡಬ್ಬಿಯೇ ಇದೆ. ಇನ್ನೂ ಹಾಕಿಲ್ಲ.