ಬೂದಿಯಲ್ಲಿ ಹುಗಿದ ಹಲ್ಲು

ವೇಣೂರಿನ ರುಕ್ಮಯ್ಯ ಆಚಾರಿಗೆ ಸಂಶಯ ಬಾರದಿರಬೇಕಾದರೆ ಎದುರಿಗಿರುವವನು ಒಂದೋ ಸತ್ತಿರಬೇಕು, ಇಲ್ಲವೇ ಇನ್ನೂ ತೊಟ್ಟಿಲಲ್ಲಿರಬೇಕು. ಕತ್ತಿ ಹರಿತ ಮಾಡಿಸಲು ಬಂದವನು ಸುಮ್ಮನೆ ನಕ್ಕರೂ, ‘ಇವ ಯಾಕೆ ನಗುವುದು?’ ಅಂತ ಅರ್ಧ ದಿನ ತಲೆ ಕೆಡಿಸಿಕೊಳ್ಳುವ ಮನುಷ್ಯ. ಆಚೆಮನೆಯವರು ಹಲಸಿನ ಹಣ್ಣು ಕೊಟ್ಟರೆ, ಮೊದಲು ಅವರ ಮುಖ ನೋಡಿ ಆಮೇಲೆ ಹಣ್ಣು ನೋಡುತ್ತಿದ್ದ.

ಕಾರಣ ಇಲ್ಲದೆ ಅಲ್ಲ. ಕೋಳಿಅಂಕದಲ್ಲಿ ಹುಂಜದ ಕಾಲಿಗೆ ಕಟ್ಟುವ ಚೂರಿ ಉಂಟಲ್ಲ, ಬಾಳು, ಅದನ್ನು ಮಾಡುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಅಂಕದ ಮಂದಿ ‘ರುಕ್ಮಯ್ಯನ ಬಾಳು’ ಅಂತ ಹೆಸರು ಹಿಡಿದೇ ಕೇಳುತ್ತಿದ್ದರು. ಹೋದ ವರ್ಷ ಅದೇ ಹೆಸರು ಹಿಡಿದುಕೊಂಡು ಪೊಲೀಸರೂ ಬಂದರು. ಇನ್ನು ಮೇಲೆ ಮಾಡುವುದಿಲ್ಲ ಅಂತ ಠಾಣೆಯಲ್ಲಿ ಬರೆದುಕೊಟ್ಟು ಬಂದ. ಆಮೇಲೆ ಮಾಡಲೂ ಇಲ್ಲ, ದೇವರಾಣೆಗೂ. ಹುಲ್ಲು ಕತ್ತಿ, ತೆಂಗಿನಕಾಯಿ ಹೆರೆಯುವ ಮಣೆ ಅಂತ ದಿನ ತಳ್ಳುತ್ತಿದ್ದ.

ಈಗ ಮಗಳು ದೀಪಶ್ರೀ ನರ್ಸಿಂಗ್ ಮುಗಿಸಿ ಕುವೈತಿಗೆ ಹೊರಟಿದ್ದಳು. ಅಲ್ಲಿ ಆಸ್ಪತ್ರೆಯ ಕೆಲಸ ಸಿಕ್ಕಿಯಾಗಿತ್ತು. ಪಾಸ್‌ಪೋರ್ಟಿಗಾಗಿ ಮನೆಗೆ ಬರುವ ಪೊಲೀಸ್ ವಿಚಾರಣೆಯೊಂದು ಬಾಕಿ. ಅಪ್ಪನ ಕೇಸಿಗೂ ಮಗಳ ಪಾಸ್‌ಪೋರ್ಟಿಗೂ ಎಂತ ಸಂಬಂಧ ಮಾರಾಯ್ರೇ, ಅಂತ ತಿಳಿದವರು ಹೇಳಿದರು. ತಿಳಿದವರ ಮಾತನ್ನು ರುಕ್ಮಯ್ಯ ಯಾವತ್ತು ನಂಬಿದ್ದ?

ಹೀಗಿರುವಾಗ ಒಂದು ಮಧ್ಯಾಹ್ನ ಕುಲುಮೆಯ ಎದುರು ಸ್ಕೂಟರ್ ನಿಂತಿತು. ಒಬ್ಬಳು ಹುಡುಗಿ, ಒಬ್ಬ ಹುಡುಗ.

“ಆಚಾರ್ರೇ, ನಾನು ಸಾತ್ವಿಕಾ, ಇವ ಅನ್ಸಾಫ್. ಮಿಜಾರಿನಲ್ಲಿ ಇಂಜಿನಿಯರಿಂಗ್ ಕಲಿಯುವುದು. ನಮಗೆ ಒಂದು ಉಕ್ಕಿನ ಹಲ್ಲು ಮಾಡಿಕೊಡ್ಬೇಕಿತ್ತು.”

“ಎಂಥ ಹಲ್ಲು?”

“ರೋಬೋಟಿಗೆ. ಎರಡು ರೋಬೋಟುಗಳನ್ನು ಹೊಡೆದಾಡಲಿಕ್ಕೆ ಬಿಡುವ ಪಂದ್ಯ ಉಂಟು. ನಮ್ಮದರ ಎದುರಿಗೆ ಒಂದು ಚಕ್ರ ಜೋರಾಗಿ ತಿರುಗ್ತದೆ. ಆ ಚಕ್ರಕ್ಕೆ ಹಲ್ಲು ಬೇಕು, ಎದುರಿನವರ ರೋಬೋಟನ್ನು ಎತ್ತಿ ಬಿಸಾಡುವಂಥದ್ದು.”

ಹುಡುಗಿ ತನ್ನ ಅಲೆದಾಟವನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಮೋಟರು ಬಂಟ್ವಾಳದ ಗುಜರಿಯಲ್ಲಿ ಬಿದ್ದಿದ್ದ ಯಾವುದೋ ಎಲೆಕ್ಟ್ರಿಕ್ ಸ್ಕೂಟರಿನದ್ದಂತೆ. ಮೈಯ ತಗಡು ಮಾಣಿ ಪೇಟೆಯ ಗ್ಯಾರೇಜಿನಲ್ಲಿ ಸಿಕ್ಕಿದ, ಸವೆದ ಜೆಸಿಬಿ ಬಕೆಟ್ಟಿನದ್ದಂತೆ. ಅದಕ್ಕೆ ತೂತು ಕೊರೆಯಲು ಹೋಗಿ ಡ್ರಿಲ್ ಬಿಟ್ಟುಗಳೆಲ್ಲ ಮುರಿದುಹೋದವಂತೆ. ಹಲ್ಲಿಗೆ ಲಾರಿಯ ಸ್ಪ್ರಿಂಗಿನ ಉಕ್ಕಿನ ಪಟ್ಟಿ, ಲೀಫ್ ಪ್ಲೇಟ್, ತಂದಿದ್ದಾರೆ, ಆದರೆ ಅದಕ್ಕೆ ಸರಿಯಾದ ಹದ ಹಾಕುವವರು ಮೂಡಬಿದ್ರೆಯಲ್ಲಿ ಎಲ್ಲೂ ಸಿಗಲಿಲ್ಲ.

“ನೀವು ಬಾಳಿಗೆ ಹಾಕ್ತಿದ್ದ ಹದ ಹಾಕಿದ್ರೆ ಸಾಕು” ಅಂದಳು.

ರುಕ್ಮಯ್ಯ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ. “ಎಂಥ ಬಾಳು? ಯಾರು ಹೇಳಿದ್ದು ನಿಮಗೆ?”

ಹುಡುಗಿ ಅನ್ಸಾಫನ ಮುಖ ನೋಡಿದಳು. ಅನ್ಸಾಫ್ ನೆಲ ನೋಡುತ್ತ ಅಂದ, “ಹಾಗೆ... ಯಾರೋ ಹೇಳಿದ್ರು.”

ಯಾರೋ! ಮಿಜಾರಿನ ಕಾಲೇಜು ಮಕ್ಕಳಿಗೆ ವೇಣೂರಿನ ಮೂಲೆಯ ಕುಲುಮೆಯ ದಾರಿ ತೋರಿಸಿದ ಆ ಯಾರೋ ಯಾರಂತೆ? ಅನ್ಸಾಫ್ ಮೊಬೈಲಿನಲ್ಲಿ ಪಂದ್ಯದ ವಿಡಿಯೋ ತೋರಿಸಿದ. ಕಬ್ಬಿಣದ ಪೆಟ್ಟಿಗೆಯಂಥ ಎರಡು ಗಾಡಿಗಳು ಪಂಜರದೊಳಗೆ ಢೀ ಕೊಡುತ್ತಿದ್ದವು, ಸುತ್ತ ಜನ ಕೇಕೆ ಹಾಕುತ್ತಿದ್ದರು. ಹುಂಜ ಇಲ್ಲ ಅನ್ನುವುದು ಬಿಟ್ಟರೆ ಉಳಿದದ್ದೆಲ್ಲ ಅಂಕದ್ದೇ. ವಿಡಿಯೋ ಎಲ್ಲಿಂದ ಬೇಕಾದರೂ ತರಬಹುದು, ಅದಕ್ಕೆಂತ, ಅಂದುಕೊಂಡ ರುಕ್ಮಯ್ಯ. ಅಷ್ಟರಲ್ಲಿ ಅನ್ಸಾಫ್ ಅದೇ ಮೊಬೈಲನ್ನು ಕುಲುಮೆಯ ಕಡೆ ತಿರುಗಿಸಿ, “ಒಂದು ಫೋಟೋ ತೆಗೆಯಬಹುದಾ?” ಅಂದ.

“ಒಳಗೆ ಇಡು ಅದನ್ನು!”

ಒಳಗಿಂದ ದೀಪಶ್ರೀ ಓಡಿಬಂದಳು. “ಎಂತ ಅಪ್ಪ ನೀವು? ಪಾಪ, ಕಾಲೇಜು ಮಕ್ಕಳು, ಎಲ್ಲಿಂದಲೋ ಬಂದಿದ್ದಾರೆ. ಮಾಡಿಕೊಡಿ.”

ಮಗಳಿಗೆ ಏನು ಗೊತ್ತು! ಇವರನ್ನು ಪೊಲೀಸರೇ ಕಳಿಸಿರಬೇಕು. ಆಗುವುದಿಲ್ಲ ಅಂದರೆ ಹೆದರಿದ ಹಾಗಾಗುತ್ತದೆ. ಹೆದರಿದನೆಂದರೆ ಒಳಗೊಳಗೇ ಇನ್ನೂ ಬಾಳು ಮಾಡುತ್ತಾನೆ ಅಂತ ಲೆಕ್ಕ. ಮಾಡಿಕೊಟ್ಟರೋ, ಅದನ್ನೇ ಠಾಣೆಯ ಮೇಜಿನ ಮೇಲಿಟ್ಟು ‘ನೋಡಿ, ಹದ ಅದೇ, ಕೈ ಅದೇ’ ಅನ್ನುತ್ತಾರೆ. ಕುವೈತು ಅಲ್ಲಿಗೆ ಮುಗಿಯಿತು. ಗಲ್ಲ ಕೆರೆದುಕೊಂಡು ನಿಂತವನಿಗೆ ಕೊನೆಗೊಂದು ಉಪಾಯ ಹೊಳೆಯಿತು.

“ನಾಡಿದ್ದು ಬನ್ನಿ” ಅಂದ.

ಮರುದಿನ ಲೀಫ್ ಪ್ಲೇಟನ್ನು ಕಾಯಿಸಿ, ಬಡಿದು, ಹಲ್ಲಿನ ಆಕಾರಕ್ಕೆ ತಂದ. ಎಷ್ಟು ಕಾಲದ ಮೇಲೆ ಇಂಥ ಉಕ್ಕು ಕೈಗೆ ಬಂದದ್ದು! ಬಡಿಯುತ್ತ ಬಡಿಯುತ್ತ ಅವನಿಗೆ ಸಂಶಯವೂ ಮರೆತುಹೋಯಿತು, ಹಸಿವೂ ಮರೆತುಹೋಯಿತು. ಹಲ್ಲು ಕೆಂಪಾಗಿ ಹದಕ್ಕೆ ಬಂದಾಗ ಕೈ ತಾನಾಗಿಯೇ ಎಣ್ಣೆಯ ಡಬ್ಬಿಯ ಕಡೆ ಹೋಯಿತು. ಆ ಕ್ಷಣಕ್ಕೆ ಎಣ್ಣೆಗೆ ಅದ್ದಿದರೆ ಉಕ್ಕು ಗಟ್ಟಿ. ಅದ್ದಲಿಲ್ಲ. ಒಲೆಯ ಪಕ್ಕದ ಬೂದಿ ರಾಶಿಯಲ್ಲಿ ಹುಗಿದುಬಿಟ್ಟ. ಬೂದಿಯೊಳಗೆ ನಿಧಾನಕ್ಕೆ ತಣಿದ ಉಕ್ಕು ಮೆತ್ತಗಾಗುತ್ತದೆ. ನೋಡಲು ಅದೇ ಚಂದ, ಒಳಗೆ ಸತ್ವ ಇಲ್ಲ. ಯಾವ ಪೊಲೀಸನೂ ಅದನ್ನು ರುಕ್ಮಯ್ಯನ ಕೈಕೆಲಸ ಅನ್ನುವ ಹಾಗಿಲ್ಲ. ಬುದ್ಧಿವಂತ ಅಂತ ತನ್ನನ್ನೇ ಹೊಗಳಿಕೊಂಡ. ಆದರೆ ಇಂಥ ಕೆಲಸ ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಹೇಳಿದ ದಿನ ಬಂದ ಸಾತ್ವಿಕಾ, ಬೆಳ್ಳಿಯ ಹಾಗೆ ಹೊಳಪು ಕೊಟ್ಟಿದ್ದ ಹಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. “ಎಷ್ಟು ಚಂದ ಉಂಟು! ಪಂದ್ಯ ನಾಳೆಯೇ. ನಿಮ್ಮ ಹೆಸರು ಹೇಳ್ತೇವೆ ಆಚಾರ್ರೇ.”

“ಹೆಸರು ಬೇಡ. ಯಾರ ಹತ್ತಿರವೂ ಹೇಳ್ಬೇಡಿ.”

ಒಂದು ವಾರದ ಮೇಲೆ ಹೆಡ್ ಕಾನ್‌ಸ್ಟೇಬಲ್ ಜತ್ತಪ್ಪ ಬೈಕಿನಲ್ಲಿ ಬಂದಿಳಿದ. ಹೋದ ವರ್ಷ ಕುಲುಮೆ ಜಾಲಾಡಿದವನು ಇವನೇ. ಜತ್ತಪ್ಪ ಜಗಲಿಯಲ್ಲಿ ಕೂತು ದೀಪಶ್ರೀಯ ಕಾಗದಪತ್ರ ನೋಡಿದ, ಅದೂ ಇದೂ ಕೇಳಿದ. ಚಾ ಬಂದ ಮೇಲೆ ಶುರುಮಾಡಿದ.

“ಆಚಾರ್ರೇ, ಸಾತ್ವಿಕಾ ನನ್ನ ತಂಗಿಯ ಮಗಳು.”

‘ನೋಡಿದೆಯಾ, ನಾನು ಹೇಳಿರಲಿಲ್ಲವಾ!’ ಅಂತ ರುಕ್ಮಯ್ಯನ ಒಳಗೊಬ್ಬ ಎದ್ದು ಕುಣಿದ. “ಹಾಗಾದರೆ ನೀವೇ ಕಳಿಸಿದ್ದಾ ಸಾರ್?”

“ನಾನೇ. ಯಾರು ಕಳಿಸಿದ್ದು ಅಂತ ಹೇಳ್ಬೇಡ ಅಂದಿದ್ದೆ. ಅವಳಿಗೆ ಹಲ್ಲು ಬೇಕಿತ್ತು, ಅದು ಸುಳ್ಳಲ್ಲ. ಹಾಗೆಯೇ ನಿಮ್ಮ ಕೈ ಈಗ ಹೇಗುಂಟು ಅಂತ ನನಗೂ ನೋಡ್ಬೇಕಿತ್ತು. ಗುಟ್ಟಾಗಿ ಬಾಳು ಮಾಡ್ತಾ ಇದ್ದರೆ ಕೈಯ ಹದ ಅಡಗಿಸಲಿಕ್ಕೆ ಆಗ್ತದಾ?” ಜತ್ತಪ್ಪ ಚಾ ಕುಡಿದು ಲೋಟ ಕೆಳಗಿಟ್ಟ. “ಪಂದ್ಯ ನೋಡ್ಲಿಕ್ಕೆ ನಾನೂ ಹೋಗಿದ್ದೆ. ಒಂದೇ ಪೆಟ್ಟಿಗೆ ಹಲ್ಲು ಬಗ್ಗಿ ಹೋಯ್ತು ಮಾರಾಯ್ರೇ! ಚಕ್ರ ಸಿಕ್ಕಿಬಿದ್ದು ಮೋಟರು ಸುಟ್ಟಿತು. ವರ್ಷ ಇಡೀ ಗುಜರಿ ಗುಜರಿ ಸುತ್ತಿ ಜೋಡಿಸಿದ್ದು. ಹುಡುಗಿ ಕಣ್ಣೀರು ಹಾಕಿ ಕೂಗಿದ್ದೇ ಕೂಗಿದ್ದು. ಆದರೂ ನಿಮ್ಮನ್ನು ಒಂದು ಮಾತು ಬೈಯಲಿಲ್ಲ. ‘ಪಾಪ, ಅವರಿಗೆ ಪ್ರಾಯ ಆಯ್ತು’ ಅಂತ ಹೇಳಿದಳು.”

ರುಕ್ಮಯ್ಯನ ಮುಖಕ್ಕೆ ರಕ್ತ ನುಗ್ಗಿತು. ಕೈ ಹೋದದ್ದಲ್ಲ! ಬೂದಿಯಲ್ಲಿ ಹುಗಿದದ್ದು ನಾನೇ! ಈಗ ಬೇಕಾದರೆ ಒಲೆ ಹೊತ್ತಿಸಿ ಮಾಡಿ ತೋರಿಸುತ್ತೇನೆ! ಮಾತು ನಾಲಗೆಯ ತುದಿಗೆ ಬಂದು ನಿಂತಿತು.

“ನನಗೆ ಅಷ್ಟೇ ಬೇಕಾದ್ದು” ಅಂದ ಜತ್ತಪ್ಪ, ಎದ್ದು ನಿಂತು. “ಈ ಮನುಷ್ಯ ಇನ್ನು ಬಾಳು ಮಾಡಿದರೂ ಕಟ್ಟುವವರಿಲ್ಲ ಅಂತ ಸಾಹೇಬರಿಗೆ ಹೇಳಿದ್ದೇನೆ. ಮಗಳದ್ದು ಎಲ್ಲ ಸರಿ ಉಂಟು, ಇವತ್ತೇ ಕಳಿಸ್ತೇನೆ.”

ದೀಪಶ್ರೀಯ ಮುಖ ಅರಳಿತು. ಅಪ್ಪನ ಪಕ್ಕಕ್ಕೆ ಬಂದು, ಅವನ ಪರವಾಗಿಯೇ, “ಹೌದು ಸಾರ್” ಅಂದಳು, “ಅಪ್ಪನಿಗೆ ಈಗ ಕಣ್ಣೂ ಅಷ್ಟು ಕಾಣುವುದಿಲ್ಲ. ಕೈಯಲ್ಲಿ ಶಕ್ತಿಯೂ ಇಲ್ಲ. ಅಲ್ವಾ ಅಪ್ಪ?”

ಜತ್ತಪ್ಪ ಮರುಕದಿಂದ ನೋಡುತ್ತಿದ್ದ. ಮಗಳು ಕಾಯುತ್ತಿದ್ದಳು.

“ಹೌದು ಸಾರ್” ಅಂದ ರುಕ್ಮಯ್ಯ ಆಚಾರಿ. “ಈಗ ನನ್ನಿಂದ ಆಗುವುದಿಲ್ಲ.”