ಬಾವನನ್ನು ರೋಲರಿನಿಂದ ಬಿಡಿಸಿದ ದೊಡ್ಡಮ್ಮ

ಆಸ್ಪತ್ರೆಗಳ ಚಾದರ ಒಗೆಯುವ ಲಾಂಡ್ರಿಯಲ್ಲಿ ನನಗೆ ಕೆಲಸ. ನೆಂಟರು ಕೇಳಿದರೆ ಅಮ್ಮ "ಮಗ ಆಸ್ಪತ್ರೆ ಕಡೆ ಇದ್ದಾನೆ" ಎಂದಷ್ಟೇ ಹೇಳುತ್ತಾಳೆ. ಅರ್ಧ ಜನ "ಪಾಪ, ಈಗ ಹೇಗಿದ್ದಾನೆ?" ಎನ್ನುತ್ತಾರೆ. ಪದವಿ ಮುಗಿಸಿ ನಾನು ಕಲಿತ ಮೊದಲ ವಿದ್ಯೆ ಒದ್ದೆ ಚಾದರದ ಮೂಲೆ ಹಿಡಿಯುವುದು. ಅದೂ ಬೇಗ ಬರಲಿಲ್ಲ.

ಕಲಿಸಿದವರು ದೊಡ್ಡಮ್ಮ. ನಮ್ಮಲ್ಲಿ ಯಾರಿಗೂ ಸ್ವಂತ ದೊಡ್ಡಮ್ಮನಲ್ಲ, ನಮ್ಮ ಮೇಲ್ವಿಚಾರಕಿ. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಲು ಇಲ್ಲಿಗೆ ಸೇರಿದವರು. ಆಗ ಚಾದರಕ್ಕೆ ಇಸ್ತ್ರಿ ಹಾಕುವ ಬಿಸಿ ರೋಲರಿನ ಎಡಕ್ಕೆ ಅವರು, ಬಲಕ್ಕೆ ಬಾವ. ಬಾವ ಕೂಡ ಹಾಗೆಯೇ, ಊರಿಗೆಲ್ಲ ಬಾವ. ಇಬ್ಬರೂ ಒಂದೊಂದು ಮೂಲೆ ಹಿಡಿದು ಚಾದರವನ್ನು ರೋಲರಿನ ಬಾಯಿಗೆ ಕೊಟ್ಟು ಒಟ್ಟಿಗೇ ಕೈ ಬಿಡಬೇಕು. ಒಬ್ಬರು ತಡ ಮಾಡಿದರೆ ಬಟ್ಟೆ ಸೊಟ್ಟ. ಇನ್ನೂ ತಡ ಮಾಡಿದರೆ ಬೆರಳಿಗೇ ಕುತ್ತು. ಅವರಿಬ್ಬರೂ ಬಾಯಿ ತುಂಬ ಜಗಳವಾಡುತ್ತ, ಕೈಯನ್ನು ಮಾತ್ರ ಒಂದೇ ಉಸಿರಿಗೆ ಬಿಡುತ್ತಿದ್ದರಂತೆ. ದೊಡ್ಡಮ್ಮನಿಗೆ ಬಡ್ತಿಯಾಗಿ ಅವರ ಜಾಗಕ್ಕೆ ನಾನು ಬಂದಾಗ ಬಾವ ನಿಟ್ಟುಸಿರು ಬಿಟ್ಟಿದ್ದರು: "ಆನೆ ನಿಂತಿದ್ದ ಜಾಗಕ್ಕೆ ಆಡಿನ ಮರಿ ಕಟ್ಟಿದ್ರಲ್ಲಪ್ಪ!"

ಒಂದು ದಿನ ಸುಟ್ಟ ವಾಸನೆ ಬಂತು.

"ಲೋ ಅಳಿಯ, ಚಾದರ ಸುಟ್ಟೆಯಲ್ಲೋ! ಮಾವನ ಮನೆ ಆಸ್ತಿ ಅಂದ್ಕೊಂಡ್ಯಾ?" ಎಂದರು ಬಾವ.

ತಪ್ಪು ನನ್ನದೇ ಇರಬೇಕೆಂದು ನಾನು ಕ್ಷಮೆಯನ್ನೂ ಕೇಳಿಬಿಟ್ಟೆ. ಅದು ನನ್ನ ಜಾಯಮಾನ. ಎಲ್ಲರೂ ಸುಟ್ಟ ಚಾದರ ಹುಡುಕತೊಡಗಿದೆವು. ದೊಡ್ಡಮ್ಮ ಬಂದವರು ಚಾದರಗಳತ್ತ ನೋಡಲೇ ಇಲ್ಲ, ಬಾವನ ಕೈ ಹಿಡಿದೆತ್ತಿದರು. ಎರಡು ಬೆರಳ ತುದಿಯ ಚರ್ಮ ಸುಲಿದಿತ್ತು. ಸಕ್ಕರೆ ಕಾಯಿಲೆ ಬೆರಳುಗಳ ಅರಿವನ್ನು ಯಾವಾಗ ತಿಂದುಹಾಕಿತ್ತೋ. ಬಾವ ತಮ್ಮ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿ, "ನಂದಾ?" ಎಂದರು.

ಮಾಲೀಕರು ದೊಡ್ಡಮ್ಮನನ್ನು ಕರೆಸಿದರು, ಸಾಕ್ಷಿ ಹೇಳಲು ನನ್ನನ್ನೂ.

"ಬಾವನಿಗೆ ನಾಳೆಯಿಂದ ಬರೋದು ಬೇಡ ಅನ್ನಿ. ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರುತ್ತೆ. ನಿಮ್ಮ ಕೈಲಿ ಹೇಳೋಕಾಗದಿದ್ರೆ ಆಫೀಸಿಂದ ಹೇಳಿಸ್ತೀನಿ."

"ನಾನೇ ಹೇಳ್ತೀನಿ," ಎಂದರು ದೊಡ್ಡಮ್ಮ. "ಆದ್ರೆ ಮನೆಗಲ್ಲ, ಮಡಚೋ ಮೇಜಿಗೆ. ರೋಲರಿಗೆ ಹೊಸಬರು ಬೇಡ. ಬಾವನ ಜಾಗದಲ್ಲಿ ನಾನು ನಿಲ್ತೀನಿ, ಮೇಲ್ವಿಚಾರಣೆನೂ ನೋಡ್ಕೋತೀನಿ."

ಒಂದೇ ಸಂಬಳಕ್ಕೆ ಎರಡು ಕೆಲಸ. ಮಾಲೀಕರು ಒಪ್ಪದೆ ಏನು ಮಾಡಿಯಾರು?

ಮರುದಿನ ಬಾವ ಕೈಗೆ ಬಟ್ಟೆ ಕಟ್ಟಿಕೊಂಡೇ ಬಂದರು. ಯಂತ್ರ ಇನ್ನೂ ಕಾದಿರಲಿಲ್ಲ. ದೊಡ್ಡಮ್ಮ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ತಾವು ಎದುರಿಗೆ ಕೊಳೆ ಬಟ್ಟೆಯ ಗಂಟಿನ ಮೇಲೆ ಕೂತರು. ನಾನು ನೆಲ ಗುಡಿಸುವ ನಾಟಕ ಹೂಡಿದೆ.

"ಬಾವ, ನಿಮ್ಮನ್ನ ರೋಲರಿಂದ ತೆಗೀತಿದೀನಿ. ಮಡಚೋ ಮೇಜಿಗೆ ಹೋಗಿ."

"ಎರಡು ಬೆರಳು ತಾನೆ? ವಾಸಿಯಾಗುತ್ತೆ ಬಿಡು."

"ಗಾಯ ವಾಸಿಯಾಗುತ್ತೆ. ಉರಿ ಗೊತ್ತಾಗಲ್ವಲ್ಲ."

"ಯಾರ ಹುಕುಂ ಇದು? ಮಾಲೀಕರದ್ದಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನಾನಾಗಿದ್ದರೆ ಮಾಲೀಕರ ಅಪ್ಪನ ಹೆಸರನ್ನೂ ಸೇರಿಸಿ ಹೂಂ ಎನ್ನುತ್ತಿದ್ದೆ.

"ಇಲ್ಲ. ನಂದೇ."

"ನನ್ನ ಪಕ್ಕ ನಿಂತು ಕೆಲಸ ಕಲಿತೋಳು ನೀನು."

"ಹೌದು ಬಾವ."

"ಕುರ್ಚಿ ಸಿಕ್ತು, ಮರೆತೆ."

ಬಾವ ಎದ್ದು ಮೇಜಿಗೆ ಹೋಗಿ, ನಮಗೆ ಬೆನ್ನು ಹಾಕಿ ನಿಂತರು.

ಆಮೇಲೆ ಅವರು ದೊಡ್ಡಮ್ಮನ ಜೊತೆ ಮಾತಾಡಲಿಲ್ಲ. ನನ್ನನ್ನು ಅಳಿಯ ಎನ್ನುವುದನ್ನೂ ಬಿಟ್ಟರು. ಬೈಗುಳಕ್ಕೂ ಗತಿಯಿಲ್ಲದವನಾದೆ. ರೋಲರಿನ ಬಳಿ ನಿಂತೂ ನಿಂತೂ ದೊಡ್ಡಮ್ಮನ ಮೊಣಕಾಲು ಸಂಜೆಯಾದರೆ ಊದಿಕೊಳ್ಳುತ್ತಿತ್ತು. ಅವರು ಗೋಡೆ ಹಿಡಿದು ನಡೆಯುವುದನ್ನು ನೋಡಲಾರದೆ ಒಮ್ಮೆ ಕೇಳಿದೆ:

"ದೊಡ್ಡಮ್ಮ, ಮಾಲೀಕರು ಮನೆಗೇ ಕಳಿಸಿ ಅಂದಿದ್ರು, ನೀವೇ ಉಳಿಸಿದ್ದು ಅಂತ ಬಾವನಿಗೆ ನಾನು ಹೇಳ್ಲಾ?"

"ಬಾಯಿ ಮುಚ್ಕೊಂಡು ಬಟ್ಟೆ ಹಿಡಿ. ಬೇಡವಾದ ಕಡೆ ಒಂದು ಗಳಿಗೆ ನಿಲ್ಲೋ ಮನುಷ್ಯ ಅಲ್ಲ ಅವರು. ಗೊತ್ತಾದ್ರೆ ನಾಳೆ ಬರ್ತಾರಾ? ನನ್ನ ಮೇಲಿನ ಸಿಟ್ಟಿಗಾದ್ರೂ ದಿನಾ ಬರ್ತಿದಾರೆ."

ಆ ಕಡೆ ಬಾವ, ಮಡಚಿದ ಚಾದರವನ್ನು ನಮಗೆ ಕೇಳಿಸಲೆಂದೇ ಮೇಜಿನ ಮೇಲೆ ಕುಕ್ಕಿದರು. ದೊಡ್ಡಮ್ಮ ತಿರುಗಿ ನೋಡದೆ ಮುಂದಿನದಕ್ಕೆ ಕೈ ಹಾಕಿದರು.